ಬಾದಾಮಿಯಿಂದ ಇಳಕಲ್ಲಿಗೆ, ಒಂದು ಹಳೆಯ ಡೀಸೆಲ್ ಮೋಟಾರಿನಲ್ಲಿ

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ದಾರಿಯು ಅವಸರದವರಿಗಾಗಿ ನಿರ್ಮಿಸಿದುದಲ್ಲ. ಕಣಿಕೆ ಹೇರಿದ ಬಂಡಿಗಳೂ ಕುರಿಯ ಹಿಂಡುಗಳೂ ಅಡ್ಡಬಂದಾಗಲೆಲ್ಲ ನಿಂತು ನಿಂತು ಸಾಗಬೇಕು. ಕಳೆದ ಚೈತ್ರದಲ್ಲಿ ನಾವು ಈ ದಾರಿಯನ್ನು ಹಿಡಿದುದು ಮಗಳ ವಿವಾಹಕ್ಕೆ ಇಳಕಲ್ಲಿನಲ್ಲಿ ಸೀರೆಗಳನ್ನು ಕೊಳ್ಳುವುದಕ್ಕಾಗಿ. ಅಲ್ಲಿಂದ ಹೊಸಪೇಟೆಗೆ ಹೋಗಿ ಸಂಜೆಯ ರೈಲನ್ನು ಹಿಡಿಯಬೇಕಾಗಿತ್ತು. ಬಾಡಿಗೆಗೆ ದೊರೆತುದು ನನ್ನ ಹಳೆಯ ಶಿಷ್ಯನೊಬ್ಬನ ಟಾಟಾ ಇಂಡಿಕಾ. 1998ರ ಕೊನೆಯಲ್ಲಿ ಜನರ ಮುಂದೆ ಬಂದ ಈ ಜಾತಿಯ ಮೋಟಾರುಗಳ ನಿರ್ಮಾಣವು 2018ರಲ್ಲಿ ನಿಂತುಹೋಯಿತು. ಆದರೂ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಸಂಸಾರಗಳು ಇನ್ನೂ ಇಂತಹ ಹಳೆಯ ಬಂಡಿಗಳ ಗಳಿಕೆಯಿಂದಲೇ ನಡೆಯುತ್ತಿವೆ. ನನ್ನ ಶಿಷ್ಯನದೂ ಅವುಗಳಲ್ಲಿ ಒಂದು.

ಬಾದಾಮಿಯನ್ನು ಕುರಿತು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 578ರಲ್ಲಿ ಮಂಗಲೇಶನು ಬರೆಯಿಸಿದ ಶಾಸನವಿರುವ ಮೂರನೆಯ ಗುಹೆಯನ್ನು ನೋಡಿ, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ವಾತಾಪಿಯನ್ನು ನುಂಗಿ ಜೀರ್ಣಿಸಿಕೊಂಡ ಮುನಿಯ ಹೆಸರಿನ ಕೆರೆ ಅದು. ಆ ಜಠರಾಗ್ನಿಯ ಮಾತು ಬಂದುದರಿಂದಲೇ ಸಂಭಾಷಣೆಯು ಮೋಟಾರಿನ ಕಡೆಗೆ ಹೊರಳಿತು.

ಡೀಸೆಲ್ ಯಂತ್ರವೂ ಒಂದು ಬಗೆಯ ಜಠರಾಗ್ನಿಯುಳ್ಳದ್ದೇ. ಪೆಟ್ರೋಲ್ ಯಂತ್ರದಲ್ಲಿ ವಿದ್ಯುತ್ತಿನ ಕಿಡಿಯು ಬೆಂಕಿಯನ್ನು ಹೊತ್ತಿಸುತ್ತದೆ. ಇಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅದರ ಗಾತ್ರದ ಸುಮಾರು ಇಪ್ಪತ್ತನೆಯ ಒಂದು ಭಾಗಕ್ಕೆ ಅದುಮಿದಾಗ ಅದರ ಉಷ್ಣತೆಯು 500 ಡಿಗ್ರಿಗೂ ಮೇಲೇರುತ್ತದೆ. ಅದರಲ್ಲಿ ಸಿಂಪಡಿಸಿದ ಎಣ್ಣೆಯು ತಾನೇ ಹೊತ್ತಿಕೊಳ್ಳುತ್ತದೆ. ಹಳೆಯ ಚಿಕ್ಕ ಯಂತ್ರಗಳಲ್ಲಿ ಈ ಸಿಂಪಡಿಕೆಯು ನೇರವಾಗಿ ಸಿಲಿಂಡರಿಗೆ ಆಗದೆ, ಮೇಲ್ಭಾಗದ ‘ಹೆಡ್’ ಎಂಬಲ್ಲಿ ಕೊರೆದ ಪುಟ್ಟ ಕೋಣೆಯೊಂದರಲ್ಲಿ ಆಗುತ್ತದೆ. ಉರಿಯು ಇಕ್ಕಟ್ಟಾದ ಕಂಡಿಯಿಂದ ನುಗ್ಗಿ ಕೆಳಗಿಳಿಯುತ್ತದೆ. ಇದರಿಂದ ಗದ್ದಲವು ತಗ್ಗುವುದೇನೋ ನಿಜ. ಆದರೆ ಆ ಹೆಡ್ಡಿಗೂ ಅದನ್ನು ತಣಿಸುವ ನೀರಿಗೂ ಹೆಚ್ಚಿನ ಕಾವು ತಗಲುತ್ತದೆ. ಇಂಡಿಕಾದ 1405 ಘನ ಸೆಂಟಿಮೀಟರಿನ ಮೊದಲಿನ ಯಂತ್ರವು ಈ ಬಗೆಯದೇ. ಟರ್ಬೊ ಇಲ್ಲದ ಅದರ ಶಕ್ತಿ ಸುಮಾರು 53 ಕುದುರೆಗಳದು.

ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ, ಅಮೀನಗಡದಲ್ಲಿ ಕರದಂಟು ಕೊಂಡು ಹುನಗುಂದಕ್ಕೆ ಬಂದೆವು. ಅಲ್ಲಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ, ನಾಲ್ಕು ಸಾಲಿನದು. ಇಳಕಲ್ಲು ಸಮೀಪವೇ. ಅಲ್ಲಿ ನೇಕಾರರ ಮನೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವ ಕೈಚಳಕವನ್ನು ನೋಡುತ್ತ ನನ್ನ ಮನೆಯವರು ಹೊತ್ತನ್ನೇ ಮರೆತರು. ಹೊರಡುವಾಗ ರೈಲಿಗೆ ಒಂದೂವರೆ ಗಂಟೆ ಮಾತ್ರ ಉಳಿದಿತ್ತು. ಹೊಸಪೇಟೆಯೋ ಇನ್ನೂ ಸುಮಾರು 85 ಕಿಲೋಮೀಟರು!

“ತಮ್ಮಾ, ಸ್ವಲ್ಪ ಜೋರಾಗಿ ಬಿಡು” ಎಂದೆ.

“ಗುರುಗಳ, ಎಂಬತ್ತರ ಮ್ಯಾಲ ಹೋಗಾಂಗಿಲ್ಲರೀ. ಗಾಡಿ ಓಡತೈತಿ, ಆದರ ಎಂಜಿನ್ನು ಕಾಯತೈತಿ. ಹೆಡ್ಡು ಕೆಟ್ಟರ ಮೂರು ತಿಂಗಳ ದುಡಿಮಿ ಹೋದಂಗ” ಎಂದನು. ಅಷ್ಟೇ ಅಲ್ಲ, ತಂಪುಗಾಳಿಯ ಯಂತ್ರವನ್ನೂ ನಿಲ್ಲಿಸಿ ಕಿಟಕಿಗಳನ್ನು ತೆರೆಸಿದನು. ನನ್ನ ಮನೆಯವರು ಸೆರಗಿನಿಂದ ಮುಖ ಒರೆಸಿಕೊಂಡರೇ ಹೊರತು ಏನೂ ಅನ್ನಲಿಲ್ಲ.

ಅವನ ಹಟದಲ್ಲಿ ಗಣಿತವಿತ್ತು. ವೇಗವು 80ರಿಂದ 100ಕ್ಕೆ ಏರಿದರೆ, ಎದುರುಗಾಳಿಯನ್ನು ಸೀಳುವುದಕ್ಕೆ ಬೇಕಾಗುವ ಶಕ್ತಿಯು ಕಾಲು ಪಾಲಲ್ಲ, ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏಕೆಂದರೆ ಅದು ವೇಗದ ಘನಕ್ಕೆ ಅನುಗುಣವಾದುದು. ಅದೇ ಗೇರಿನಲ್ಲಿ ಪಿಸ್ಟನ್ನುಗಳು ಮೇಲೆಕೆಳಗೆ ಜಗ್ಗುವ ಬಲವೂ ಒಂದೂವರೆ ಪಟ್ಟನ್ನು ಮೀರುತ್ತದೆ. ಇನ್ನು ರೇಡಿಯೇಟರು: ಅದು ಕಾವನ್ನು ಹೊರಚೆಲ್ಲುವುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿ. ನೀರು 90 ಡಿಗ್ರಿಯದಾಗಿದ್ದು, ಮಾಘದ ಮುಂಜಾನೆಯ ಗಾಳಿ 20 ಡಿಗ್ರಿಯದಾದರೆ ಅಂತರವು 70. ನಮ್ಮ ಚೈತ್ರದ 40 ಡಿಗ್ರಿಯಲ್ಲಿ ಬರಿಯ 50. ಮೇಲಾಗಿ ತಂಪುಗಾಳಿಯ ಯಂತ್ರವು ತನ್ನ ಕಾವನ್ನು ಚೆಲ್ಲುವುದೂ ರೇಡಿಯೇಟರಿನ ಮುಂದೆಯೇ! ಕಾವು ಮಿತಿಮೀರಿದರೆ ಹೆಡ್ಡು ಬಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ಟು ಸುಡುತ್ತದೆ, ನೀರೂ ಎಣ್ಣೆಯೂ ಕೂಡಿಹೋಗುತ್ತವೆ.

ಹೀಗೆಂದು ಹಳೆಯ ಡೀಸೆಲ್ ಯಂತ್ರವು ದೂರದ ಓಟಕ್ಕೆ ಅಂಜುವುದೆಂದು ತಿಳಿಯಲಾಗದು. ನನ್ನ ಅಭಿಪ್ರಾಯದಲ್ಲಿ, ಊರೊಳಗೆ ನಿಂತು ನಿಂತು ಮಸಿ ಹಿಡಿಯುವುದಕ್ಕಿಂತ ಇಂತಹ ಸಮವೇಗದ ಓಟವೇ ಅದಕ್ಕೆ ಹಿತವಾದುದು. ಅದರ ಅಂಗಗಳು ಭಾರವಾದವು, ಗಟ್ಟಿಯಾದವು. ಕೂಡದುದೇನೆಂದರೆ, ಪೆಡಲನ್ನು ನೆಲಕ್ಕೆ ಒತ್ತಿ ಗಂಟೆಗಟ್ಟಲೆ ಹಿಡಿಯುವುದು. ಹಿಂದೆ ಕರಿಯ ಹೊಗೆ ಕಂಡರೆ ಎಣ್ಣೆಗೆ ತಕ್ಕಷ್ಟು ಗಾಳಿ ಸಿಕ್ಕುತ್ತಿಲ್ಲವೆಂದೇ ಅರ್ಥ. ಹೊರಡುವ ಮುನ್ನ ನೀರು, ಎಂಜಿನ್ ಎಣ್ಣೆ, ಬೆಲ್ಟುಗಳು, ಟಯರುಗಳು ಇವಿಷ್ಟನ್ನು ನೋಡಿಕೊಳ್ಳಬೇಕು. ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟುಧೂಳು ತುಂಬಿದ್ದರೆ ತೊಳೆಯಿಸಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಕುಷ್ಟಗಿಯ ಬಳಿ ದೊಡ್ಡ ದೊಡ್ಡ ಹೊಸ ಕಾರುಗಳು ನಮ್ಮನ್ನು ಹಿಂದೆಹಾಕಿ ಹೋದವು. ನಾನು ಮನಸ್ಸಿನಲ್ಲಿಯೇ ಲೆಕ್ಕಮಾಡಿದೆನು: 80ರ ವೇಗದಲ್ಲಿ 64 ನಿಮಿಷ, 100ರಲ್ಲಿ 51. ಹದಿಮೂರು ನಿಮಿಷಗಳ ಸಲುವಾಗಿ ಈ ಹುಡುಗನ ಮೂರು ತಿಂಗಳ ದುಡಿಮೆಯನ್ನು ಪಣಕ್ಕಿಡಬೇಕೆ? ಮತ್ತೆ ನಾನು ಬಾಯಿ ತೆರೆಯಲಿಲ್ಲ. ಕಾವಿನ ಮುಳ್ಳು ನಡುವನ್ನು ಸ್ವಲ್ಪ ಮೀರಿ ನಿಂತದ್ದು ಅಲ್ಲಿಯೇ ನಿಂತಿತ್ತು.

ಹೊಸಪೇಟೆಯ ನಿಲ್ದಾಣದಲ್ಲಿ ರೈಲಿಗೆ ಇನ್ನೂ ಹತ್ತು ನಿಮಿಷವಿತ್ತು. ನಾವು ಸೀರೆಯ ಗಂಟುಗಳನ್ನು ಇಳಿಸಿಕೊಳ್ಳುತ್ತಿರುವಾಗ ಅವನು ಯಂತ್ರವನ್ನು ತಟ್ಟನೆ ಆರಿಸದೆ ಎರಡು ನಿಮಿಷ ಮೆಲ್ಲಗೆ ತಿರುಗಗೊಟ್ಟು, ಆಮೇಲೆ ಬಾನೆಟ್ಟನ್ನೆತ್ತಿ, ಕೆಳಗೆ ನೀರು ಸೋರಿದೆಯೇ ಎಂದು ಬಗ್ಗಿ ನೋಡಿದನು. ಮರುದಿನ ಬೆಳಗಿನ ಆರಕ್ಕೆ ಬಾಗಲಕೋಟೆಯಲ್ಲಿ ಅವನಿಗೆ ಇನ್ನೊಂದು ಬಾಡಿಗೆಯಿತ್ತು.