ಮಹಡಿ ಮೇಲಿನ ಫೋಟೋ, ಕೆಳಗಿನ ಅಮ್ಮ

ನಮ್ಮಮ್ಮನಿಗೆ ಆಗಬೇಕಿದ್ದದ್ದು ಒಂದೇ ಕೆಲಸ. ಮಹಡಿ ಮೇಲಿರೋ ಕಂಪ್ಯೂಟರಿನೊಳಗಿನ ಫೋಟೋಗಳನ್ನ ಕೆಳಗೆ ಹಾಲಿನಲ್ಲಿ ಕೂತು ಟ್ಯಾಬ್ಲೆಟ್‌ನಲ್ಲಿ ನೋಡೋದು. ಮಧ್ಯೆ ಇರೋದು ಹದಿನೆಂಟು ಮೆಟ್ಟಿಲು, ಒಂದು ಆರ್‌ಸಿಸಿ ಸ್ಲ್ಯಾಬು. ಅಷ್ಟು ದೂರ ಇಳಿದು ಬರೋಕೆ ಆ ಫೋಟೋಗಳಿಗೆ ಮೂರು ವೀಕೆಂಡ್ ಬೇಕಾಯ್ತು.

ಅಮ್ಮನನ್ನೇ ಮೇಲೆ ಕರ್ಕೊಂಡು ಹೋದ್ರಾಯ್ತಲ್ಲ ಅಂದ್ರೆ, ಮಂಡಿ ಒಪ್ಪಲ್ಲ. ಫೋಟೋಗಳನ್ನೇ ಕೈಗೆ ಕೊಡಬಹುದಲ್ಲ ಅಂದ್ರೆ, ಕಣ್ಣು ಒಪ್ಪಲ್ಲ. ಎರಡು ವರ್ಷದ ಹಿಂದೆ ಡಾಕ್ಟರು ಮ್ಯಾಕ್ಯುಲಾರ್ ಡಿಜನರೇಶನ್ ಅಂದ್ರು. ರೆಟಿನಾದ ನಟ್ಟನಡುವಿನ ಚೂರು ಜಾಗ ಸವೆಯುವ ಕಾಯಿಲೆ. ಅಂಚಿನ ನೋಟ ಹಾಗೇ ಇರುತ್ತೆ. ಬಾಗಿಲು, ಮೇಜು, ಒಳಗೆ ಬಂದ ಮನುಷ್ಯ ಎಲ್ಲ ಕಾಣುತ್ತೆ. ಆದ್ರೆ ನೇರವಾಗಿ ಯಾವುದನ್ನ ನೋಡ್ತೀವೋ ಅದೇ ಮಸುಕು. ಪೇಪರಿನ ಅಕ್ಷರ, ಸೂಜಿಯ ಕಣ್ಣು, ಮನುಷ್ಯರ ಮುಖ. ಅಮ್ಮನಿಗಿರೋದು ಒಣ ಬಗೆಯದು, ನಿಧಾನಕ್ಕೆ ಹೋಗುವಂಥದ್ದು. ಆದ್ರೆ ಹೋದದ್ದು ವಾಪಸ್ ಬರಲ್ಲ. ದೊಡ್ಡದು ಮಾಡಿ ಒಳ್ಳೇ ಬೆಳಕಲ್ಲಿ ತೋರಿಸಿದ್ರೆ ಸದ್ಯಕ್ಕೆ ಗುರುತು ಹಿಡೀತಾಳೆ. ಇನ್ನೆಷ್ಟು ದಿನ ಅಂತ ಕೇಳಿದ್ರೆ ಡಾಕ್ಟರು ಮುಂದಿನ ಚೆಕಪ್ ತಾರೀಕು ಬರೆದುಕೊಡ್ತಾರೆ.

ಮಾಮೂಲಿ ಫೋಟೋಗಳಾಗಿದ್ರೆ ನಾನೂ ಇಷ್ಟು ಹಟ ಹಿಡೀತಿರಲಿಲ್ಲ. ಅಮ್ಮ ಹುಟ್ಟಿದ ಊರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾದವರು ಶಿವಮೊಗ್ಗ ಜಿಲ್ಲೆಯ ಮೂಲೆಮೂಲೆಗೆ ಚದುರಿಹೋದ್ರು. ಒಂದೇ ಕೇರಿಯವರು ಆಮೇಲೆ ಮದುವೆ-ಮುಂಜಿಯಲ್ಲಿ ಮಾತ್ರ ಸಿಗೋ ಹಾಗಾಯ್ತು. ಅದಕ್ಕೂ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಅದೇ ನೀರಲ್ಲಿ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತೆ, ಜನ ಹೋಗಿ ಸೆಲ್ಫಿ ತಗೊಂಡು ಬರ್ತಾರೆ. ಅಮ್ಮನ ಮನೆ ಹಾಗೆ ಮೇಲೆ ಬರಲ್ಲ. ಅದು ಉಳಿದಿರೋದು ದೊಡ್ಡಮಾವನ ಟ್ರಂಕಿನಲ್ಲಿ ಸಿಕ್ಕ ಕೆಲವು ಫೋಟೋಗಳ ಹಿನ್ನೆಲೆಯಲ್ಲಿ ಮಾತ್ರ.

ಟ್ರಂಕಿನಲ್ಲಿದ್ದದ್ದು ಒಟ್ಟು 640 ಫೋಟೋ. ಮುಳುಗಡೆಗೆ ಮುಂಚಿನವು ಅದರಲ್ಲಿ ನಲವತ್ತೋ ಐವತ್ತೋ. ಹೆಚ್ಚಿನವುಗಳ ಹಿಂದೆ ಏನೂ ಬರೆದಿಲ್ಲ. ಬರೆದಿರೋ ಕಡೆ 'ಎಡದಿಂದ ಬಲಕ್ಕೆ' ಅಂತ ಚೆಂದವಾಗಿ ಶುರುವಾಗುತ್ತೆ, ಅಲ್ಲಿಂದ ಮುಂದೆ ಗೆದ್ದಲು ತಿಂದಿದೆ. ದೊಡ್ಡಮಾವ ಇಲ್ಲ. ಚಿಕ್ಕಮ್ಮನಿಗೆ ಈಗ ತನ್ನ ಮಕ್ಕಳ ಹೆಸರೇ ನೆನಪಿರಲ್ಲ. ಅದರಲ್ಲಿರೋರು ಯಾರ್ಯಾರು ಅಂತ ಹೇಳೋಕೆ ಉಳಿದಿರೋದು ನಮ್ಮಮ್ಮ ಒಬ್ಬಳೇ, ಅವಳ ಕಣ್ಣಿನ ಕಥೆ ಹೀಗೆ. ತಮ್ಮ ಅಮೆರಿಕಾದಲ್ಲಿ, ನಾನು ಬೆಂಗಳೂರಲ್ಲಿ. ಶುಕ್ರವಾರ ರಾತ್ರಿ ಟ್ರೇನು, ಭಾನುವಾರ ರಾತ್ರಿ ವಾಪಸ್ಸು. ಕೆಲಸಕ್ಕೆ ಸಿಗೋದು ಅಷ್ಟೇ ಹೊತ್ತು.

ಸ್ಕ್ಯಾನ್ ಮಾಡಿಸಿದ್ದು ಶಿವಮೊಗ್ಗದ್ದೇ ಒಂದು ಅಂಗಡಿಯಲ್ಲಿ. ಕೆಲಸ ಅಚ್ಚುಕಟ್ಟು, ಪೆನ್‌ಡ್ರೈವ್‌ನಲ್ಲಿ ಕೊಟ್ರು. ತಮ್ಮ ಬಿಟ್ಟುಹೋದ ಡೆಸ್ಕ್‌ಟಾಪ್ ಮಹಡಿ ಮೇಲಿನ ರೂಮಲ್ಲಿದೆ, ಅದಕ್ಕೆ ಹಾಕಿಟ್ಟೆ. ಈಗ ನನ್ನ ಆಫೀಸಿನ ಗೆಳೆಯರೆಲ್ಲ ಕೇಳಿದ ಪ್ರಶ್ನೆ: ಕ್ಲೌಡಿಗೆ ಹಾಕೋದು ತಾನೇ? ಸ್ವಾಮಿ, ಮಲೆನಾಡಿನ ಮಳೆಗಾಲದಲ್ಲಿ ಒಂದು ಮರ ಬಿದ್ರೆ ಎರಡು ದಿನ ಇಂಟರ್ನೆಟ್ ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಅದು ಫೋಟೋನ ಹಿಂಡಿ ಕಳಿಸುತ್ತೆ. ಬೆರಳಲ್ಲಿ ಹಿಗ್ಗಿಸಿ ನೋಡಿದ್ರೆ ಮುಖದ ಜಾಗದಲ್ಲಿ ಉಪ್ಪಿಟ್ಟು. ಟ್ಯಾಬ್ಲೆಟ್‌ಗೇ ತುಂಬಿಸೋಣ ಅಂದ್ರೆ ಅದರ ಪೋರ್ಟು ಚಾರ್ಜ್ ಮಾತ್ರ ತಗೊಳ್ಳುತ್ತೆ, ಡೇಟಾ ಕೇಬಲ್ ಹಾಕಿದ್ರೆ ಗುರುತೇ ಇಲ್ಲ ಅನ್ನೋ ಹಾಗಿರುತ್ತೆ, ಕಾರ್ಡ್ ಹಾಕೋ ಜಾಗವೂ ಇಲ್ಲ. ಇನ್ನೊಂದು ಕಾರಣವೂ ಇತ್ತು. ಹೆಸರು ಸಿಕ್ಕಿದ ಫೋಟೋಗಳನ್ನ ನಾನು ಬೇರೆ ಫೋಲ್ಡರಿಗೆ ಸರಿಸಿದ್ರೆ ಅಮ್ಮನ ಮುಂದೆ ಉಳಿದವಷ್ಟೇ ಬರಬೇಕು. ಅದಕ್ಕೆ ಫೋಲ್ಡರ್ ಒಂದೇ ಇರಬೇಕು, ಅದು ಕಂಪ್ಯೂಟರಿನಲ್ಲೇ ಇರಬೇಕು.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಎಂಜಿನಿಯರುಗಳೇ ಎಷ್ಟೋ ಜನ ಇದನ್ನ ಕಲಸಿಕೊಳ್ತಾರೆ. ವೈ-ಫೈ ಬೇರೆ, ಇಂಟರ್ನೆಟ್ ಬೇರೆ. ಮನೆಯೊಳಗಿನ ಎರಡು ಯಂತ್ರ ಮಾತಾಡಿಕೊಳ್ಳೋಕೆ ರೂಟರಿಗೆ ಕರೆಂಟು ಇದ್ರೆ ಸಾಕು. ಹೊರಗಿನ ಲೈನ್ ಸತ್ತುಬಿದ್ದಿದ್ರೂ ಫೋಟೋ ಮೇಲಿಂದ ಕೆಳಗೆ ಬರುತ್ತೆ. ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ಇಲ್ಲ.

ಬರುತ್ತೆ ಅಂತ ಬರೆಯೋದು ಸುಲಭ. ಮೊದಲ ಶನಿವಾರ ಫೋಲ್ಡರ್ ಶೇರ್ ಮಾಡಿ ಕೆಳಗೆ ಬಂದು ಹುಡುಕಿದ್ರೆ ಟ್ಯಾಬ್ಲೆಟ್‌ಗೆ ಕಂಪ್ಯೂಟರೇ ಕಾಣ್ತಿಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಮಾಡೋದು ರೀಸ್ಟಾರ್ಟ್. ಅದೂ ಆಯ್ತು. ಆಮೇಲೆ ಎರಡರ ಐಪಿ ವಿಳಾಸ ಬರೆದುಕೊಂಡೆ. ಕಂಪ್ಯೂಟರಿನದು 192.168.1.7. ಟ್ಯಾಬ್ಲೆಟ್‌ದು 192.168.5.23. 192.168ರಿಂದ ಶುರುವಾಗೋ ವಿಳಾಸಗಳು ಮನೆ, ಆಫೀಸಿನ ಒಳಗಿನ ಬಳಕೆಗೇ ಮೀಸಲು, 1996ರಿಂದ ಇರೋ ನಿಯಮ. ಸಾಮಾನ್ಯ ಮನೆಯ ರೂಟರಿನಲ್ಲಿ ಮೊದಲ ಮೂರು ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು. ಇಲ್ಲಿ ಒಂದು ಕಡೆ 1, ಇನ್ನೊಂದು ಕಡೆ 5. ಅಂದ್ರೆ ಒಂದೇ ಮನೆಯಲ್ಲಿದ್ರೂ ಇಬ್ಬರೂ ಬೇರೆ ಬೇರೆ ಬೀದಿಯವರು.

ವಿಚಾರಿಸಿದ್ರೆ, ಲೈನ್ ಹಾಕೋಕೆ ಬಂದಿದ್ದ ಹುಡುಗ ಅಮ್ಮನ ಟ್ಯಾಬ್ಲೆಟ್‌ಗೆ ಗೆಸ್ಟ್ ನೆಟ್‌ವರ್ಕಿನ ಪಾಸ್‌ವರ್ಡ್ ಹಾಕಿಕೊಟ್ಟು ಹೋಗಿದ್ದ. ಗೆಸ್ಟ್ ನೆಟ್‌ವರ್ಕ್ ಇರೋದೇ ಬಂದವರಿಗೆ ಇಂಟರ್ನೆಟ್ ಕೊಟ್ಟು ಮನೆಯ ಉಳಿದ ಯಂತ್ರಗಳನ್ನ ಮುಟ್ಟದ ಹಾಗೆ ತಡೆಯೋಕೆ. ಯೂಟ್ಯೂಬ್ ಚೆನ್ನಾಗೇ ಬರ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

"ನನ್ನ ಮನೇಲೇ ನಾನು ಗೆಸ್ಟಾ?" ಅಂದ್ಲು ಅಮ್ಮ.

ನೆಟ್‌ವರ್ಕ್ ಬದಲಿಸಿದೆ. ಕಂಪ್ಯೂಟರಿನಲ್ಲಿ ನೋಡಿದ್ರೆ ಮನೆಯ ವೈ-ಫೈಯನ್ನ ವಿಂಡೋಸ್ 'ಪಬ್ಲಿಕ್' ಅಂತ ಲೆಕ್ಕ ಹಾಕಿಕೊಂಡಿತ್ತು. ಬಸ್‌ಸ್ಟ್ಯಾಂಡಿನ ವೈ-ಫೈಗೆ ಇರಬೇಕಾದ ಎಚ್ಚರ ಅದು: ಯಾರಿಗೂ ಕಾಣಿಸಿಕೊಳ್ಳಬೇಡ, ಫೈರ್‌ವಾಲ್ ಮುಚ್ಚಿಕೋ. ಹೊರಗೆ ಅದು ಸರಿಯೇ. ಮನೆಯಲ್ಲಿ ಅದನ್ನ 'ಪ್ರೈವೇಟ್' ಮಾಡಬೇಕು. ಮಾಡಿದೆ. ಅಷ್ಟರಲ್ಲಿ ಭಾನುವಾರ ರಾತ್ರಿ ಆಯ್ತು, ಟ್ರೇನು.

ಮುಂದಿನ ವಾರ ಬಂದಾಗ ಕಂಪ್ಯೂಟರ್ ಕಾಣ್ತಿತ್ತು, ಒಳಗೆ ಮಾತ್ರ ಬಿಡ್ತಿರಲಿಲ್ಲ. ಟ್ಯಾಬ್ಲೆಟ್‌ನಲ್ಲಿದ್ದ ಹಳೇ ಫೈಲ್ ಆಪ್‌ಗೆ ಬರ್ತಿದ್ದದ್ದು ಎಸ್‌ಎಂಬಿ ಅನ್ನೋ ಫೈಲ್ ಹಂಚಿಕೆ ಭಾಷೆಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ದಾಳಿ ಹರಡಿದ್ದು ಆ ಹಳೇ ಆವೃತ್ತಿಯ ತೂತಿನಿಂದಲೇ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೇ ನಿಂತುಹೋಗಿತ್ತು. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್ ಆ ಆವೃತ್ತಿಯಲ್ಲಿ ಫೈಲ್ ಹಂಚೋದನ್ನ ತಾನಾಗಿ ಬಿಟ್ಟುಬಿಡ್ತು. ಹುಡುಕಿದ್ರೆ ಸಿಗೋ ಅರ್ಧ ಸಲಹೆಗಳು, ಹಳೇದನ್ನ ಮತ್ತೆ ಆನ್ ಮಾಡಿ, ಎಲ್ಲ ಸರಿಹೋಗುತ್ತೆ ಅನ್ನುತ್ತವೆ. ನಿಜ, ಸರಿಹೋಗುತ್ತೆ. ಬೀಗ ಕೆಟ್ಟಿದೆ ಅಂತ ಬಾಗಿಲೇ ಕಿತ್ತಿಟ್ಟ ಹಾಗೆ. ದಯವಿಟ್ಟು ಮಾಡಬೇಡಿ. ಹೊಸ ಆವೃತ್ತಿ ಗೊತ್ತಿರೋ ಬೇರೆ ಆಪ್ ಹಾಕಿದ್ರೆ ಐದು ನಿಮಿಷದ ಕೆಲಸ.

ಪಾಸ್‌ವರ್ಡಿನದು ಇನ್ನೊಂದು ಸಣ್ಣ ಪೇಚು. ಕಂಪ್ಯೂಟರ್ ತೆರೆಯೋಕೆ ನಾವು ಒತ್ತೋ ನಾಲ್ಕಂಕಿಯ ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿನಿಂದ ಬರೋರಿಗೆ ಅಕೌಂಟಿನ ಪೂರ್ತಿ ಪಾಸ್‌ವರ್ಡೇ ಬೇಕು. ತಮ್ಮನ ಪಾಸ್‌ವರ್ಡ್ ಅವನಿಗೂ ಮರೆತುಹೋಗಿತ್ತು. ಅಮ್ಮನ ಹೆಸರಲ್ಲೇ ಹೊಸ ಅಕೌಂಟ್ ಮಾಡಿ, ಆ ಫೋಲ್ಡರನ್ನ ನೋಡೋಕೆ ಮಾತ್ರ ಅನುಮತಿ ಕೊಟ್ಟೆ. ಅಳಿಸೋಕೆ ಆಗಲ್ಲ. ಇದು ಅಮ್ಮನಿಗಿಂತ ಹೆಚ್ಚಾಗಿ ಪಕ್ಕದ ಮನೆ ಮೂರು ವರ್ಷದ ಪುಟಾಣಿಯ ಬೆರಳುಗಳನ್ನ ನೆನೆಸಿಕೊಂಡು ಮಾಡಿದ ಏರ್ಪಾಡು. ಹಾಗೇ ರೂಟರಿನಲ್ಲಿ ಕಂಪ್ಯೂಟರಿಗೆ ಅದೇ 7ನೇ ನಂಬರ್ ಖಾಯಂ ಮಾಡಿಸಿದೆ, ಇಲ್ಲದಿದ್ರೆ ರೂಟರ್ ಆಫ್ ಆಗಿ ಬಂದಾಗ ವಿಳಾಸ ಬದಲಾಗಬಹುದು. ಅರ್ಧ ಗಂಟೆಗೆ ನಿದ್ದೆ ಹೋಗ್ತಿದ್ದ ಕಂಪ್ಯೂಟರಿಗೆ ಹಗಲು ನಿದ್ದೆ ಬಿಡಿಸಿದೆ.

ಫೋಲ್ಡರ್ ತೆರೀತು! 640 ಬೂದು ಬಣ್ಣದ ಚೌಕಗಳು. ಒಂದರಲ್ಲೂ ಚಿತ್ರ ಇಲ್ಲ.

"ಎಲ್ಲಾ ಒಂದೇ ಥರ ಇದಾರಲ್ಲೇ" ಅಂದ್ಲು ಅಮ್ಮ. ತಮಾಷೆಗೆ ಅಂದ್ಲೋ ನಿಜಕ್ಕೂ ಕಾಣದೆ ಅಂದ್ಲೋ ನಾನು ಕೇಳಲಿಲ್ಲ.

ಅಂಗಡಿಯವರು ಕೊಟ್ಟಿದ್ದು ಟಿಫ್ ಫೈಲುಗಳು. 1986ರ ಕಾಲದ ಈ ಮಾದರಿ, ಚಿತ್ರದ ಒಂದು ಚುಕ್ಕಿಯೂ ಕಳೆದುಹೋಗದ ಹಾಗೆ ಕಾಪಾಡಬಲ್ಲದು, ಕಾಪಿಡೋಕೆ ಅದೇ ಸರಿ. ಆದ್ರೆ ಎಷ್ಟೋ ಟ್ಯಾಬ್ಲೆಟ್‌ಗಳ ಗ್ಯಾಲರಿಗೆ ಅದನ್ನ ಓದೋಕೆ ಬರಲ್ಲ. ತೂಕವೂ ಹಾಗೇ. ನಾಲ್ಕು-ಆರು ಇಂಚಿನ ಫೋಟೋನ ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿದ್ರೆ 2400 ಗುಣಿಸು 3600, ಅಂದ್ರೆ 86 ಲಕ್ಷ ಚುಕ್ಕಿ. ಚುಕ್ಕಿಗೆ ಮೂರು ಬೈಟು ಅಂದ್ರೂ ಒಂದು ಫೋಟೋ ಸುಮಾರು 26 ಎಂಬಿ. ಟಿಫ್ ಓದೋ ಆಪ್ ಹಾಕಿ ನೋಡಿದೆ. ಸ್ಲ್ಯಾಬ್ ದಾಟಿ ಬರುವಷ್ಟರಲ್ಲಿ ಸೊರಗಿದ ವೈ-ಫೈಯಲ್ಲಿ ಒಂದೊಂದಕ್ಕೆ ಹದಿನೈದು ಇಪ್ಪತ್ತು ಸೆಕೆಂಡ್. ಅಷ್ಟರಲ್ಲಿ ಅಮ್ಮ ಎದ್ದು ಕುಕ್ಕರ್ ನೋಡೋಕೆ ಹೋಗಿರ್ತಿದ್ಲು.

ಮೂರನೇ ವಾರ ಅದಕ್ಕೇ ಹೋಯ್ತು. ಟಿಫ್‌ಗಳನ್ನ ಮುಟ್ಟದೆ ಒಂದು ಕಡೆ ಇಟ್ಟು, ಇರ್ಫಾನ್‌ವ್ಯೂ ಅನ್ನೋ ಹಳೇ ಉಚಿತ ಸಾಫ್ಟ್‌ವೇರಿನಲ್ಲಿ ಎಲ್ಲದಕ್ಕೂ ಒಟ್ಟಿಗೆ ಜೆಪೆಗ್ ಪ್ರತಿ ಮಾಡಿದೆ. ಚುಕ್ಕಿಗಳ ಲೆಕ್ಕ ಕಡಿಮೆ ಮಾಡಲಿಲ್ಲ, ಹಿಗ್ಗಿಸಿ ನೋಡಬೇಕಲ್ಲ. ಒಂದೊಂದು ಎರಡು-ಮೂರು ಎಂಬಿಗೆ ಇಳೀತು. ಹೆಸರುಗಳನ್ನ 001, 002 ಅಂತ ಸೊನ್ನೆ ಹಾಕಿ ಬದಲಿಸಿದೆ. ಸೊನ್ನೆ ಇಲ್ಲದಿದ್ರೆ ಕೆಲವು ಆಪ್‌ಗಳು 1 ಆದ್ಮೇಲೆ 10, 100 ತೋರಿಸಿ ಆಮೇಲೆ 2ಕ್ಕೆ ಬರುತ್ತವೆ. ಕೊನೆಗೆ ಪ್ರತಿ ಫೋಟೋದ ಕೆಳಗೆ ಒಂದು ಕಪ್ಪು ಪಟ್ಟಿ ಸೇರಿಸಿ ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಅಂಗಡಿ ಬೋರ್ಡಿನಷ್ಟು ದಪ್ಪ. ಫೈಲಿನ ಹೆಸರು ಓದೋ ಕಣ್ಣು ಅಮ್ಮನಿಗಿಲ್ಲ, ಇದಾದ್ರೆ ಕಾಣುತ್ತೆ.

ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಟ್ಯಾಬ್ಲೆಟ್ ಕೈಗೆ ಕೊಟ್ಟೆ. ಬೆರಳು ಸರಿಸಿದ್ರೆ ಫೋಟೋ ಬರುತ್ತೆ, ಎರಡು ಬೆರಳು ಅಗಲಿಸಿದ್ರೆ ಮುಖ ಹತ್ತಿರ ಬರುತ್ತೆ. ಅಮ್ಮ ಮುಖವನ್ನ ಪರದೆಯ ಮಧ್ಯಕ್ಕೆ ತಂದುಕೊಳ್ಳಲ್ಲ. ಹಿಗ್ಗಿಸಿ, ಮೂಲೆಗೆ ಸರಿಸಿ, ತಲೆ ಸ್ವಲ್ಪ ವಾರೆ ಮಾಡಿ ಕಣ್ಣಂಚಿಂದ ನೋಡ್ತಾಳೆ. ಈ ಕಾಯಿಲೆಯವರು ನಡುವನ್ನ ಬಿಟ್ಟು ಉಳಿದ ಕಣ್ಣಲ್ಲಿ ನೋಡೋದನ್ನ ಕಲೀತಾರಂತೆ. ಕಾಗದದ ಫೋಟೋದಲ್ಲಿ ಕಾಳುಮೆಣಸಿನಷ್ಟಿದ್ದ ಮುಖ ಈಗ ಅಂಗೈಯಷ್ಟು.

038ರ ಹತ್ತಿರ ತುಂಬ ಹೊತ್ತು ನಿಂತಳು. ಜಗಲಿಯಲ್ಲಿ ಆರು ಜನ ಹೆಂಗಸರು, ಒಂದು ಮಗು. ಮುಖಗಳನ್ನ ಬಿಟ್ಟು ಹಿಂದಿನ ಕಂಬ ಹಿಗ್ಗಿಸಿದ್ಲು, ಆಮೇಲೆ ಅಂಗಳದ ಅಡಿಕೆ ದಬ್ಬೆ.

"ಇದು ನಮ್ಮನೆ ಅಲ್ಲ ಕಣೇ, ಆಚೆ ಮನೆ. ನಮ್ಮ ಕಂಬಕ್ಕೆ ಈ ಕೆತ್ತನೆ ಇರ್ಲಿಲ್ಲ. ಅಂದ್ರೆ ಇವಳು ಅತ್ತೆ ಅಲ್ಲ. ಅತ್ತೆ ತಂಗಿ. ಬಾಣಂತನಕ್ಕೆ ಬಂದವಳು. ಈ ಮಗು..." ಅಂತ ಮತ್ತೆ ಮೂಲೆಗೆ ಸರಿಸಿದ್ಲು. "ಇದು ಉಳೀಲಿಲ್ಲ, ಪಾಪ. ಹೆಸರಿಟ್ಟಿದ್ರು. ತಡಿ, ಹೇಳ್ತೀನಿ."

ಆವತ್ತು ಅದು ನೆನಪಾಗಲಿಲ್ಲ. ಬುಧವಾರ ಬೆಳಿಗ್ಗೆ ನಾನು ಆಫೀಸಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿದ್ದಾಗ ವಾಟ್ಸಾಪ್‌ಗೆ ಹನ್ನೊಂದು ಸೆಕೆಂಡಿನ ವಾಯ್ಸ್ ಮೆಸೇಜ್ ಬಂತು. ನಂಬರು ಹೇಳಿ, ಮಗುವಿನ ಹೆಸರು ಎರಡು ಸಲ ಹೇಳಿದ್ಲು.

ಈಗ ಹೀಗೇ ನಡೀತಿದೆ. ದಿನಕ್ಕೆ ಐದಾರು ಫೋಟೋ, ಕಣ್ಣು ದಣಿದ ದಿನ ಎರಡು. ಅಮ್ಮ ನಂಬರು ಓದಿ ಹೇಳ್ತಾಳೆ, ತಮ್ಮ ಅಲ್ಲಿ ರಾತ್ರಿ ಕೂತು ಟೈಪ್ ಮಾಡ್ತಾನೆ, ನಾನು ಊರಿಗೆ ಹೋದಾಗ ಆ ಫೋಟೋಗಳನ್ನ 'ಗೊತ್ತಾದವರು' ಅನ್ನೋ ಫೋಲ್ಡರಿಗೆ ಸರಿಸ್ತೀನಿ. ಕಳೆದ ವಾರ ಮಳೆಗೆ ಇಂಟರ್ನೆಟ್ ಎರಡು ದಿನ ಹೋಗಿತ್ತು. ಲೈನ್ ಬಂದ ಕೂಡಲೇ ಒಂಬತ್ತು ವಾಯ್ಸ್ ಮೆಸೇಜ್ ಒಟ್ಟಿಗೆ ಬಂದವು. 212 ಆಗಿವೆ. 428 ಉಳಿದಿವೆ. ದೊಡ್ಡಮಾವನ ಸೊಸೆ ಮೊನ್ನೆ ಫೋನ್ ಮಾಡಿದ್ರು, ಅಟ್ಟದ ಮೇಲೆ ಇನ್ನೊಂದು ಡಬ್ಬಿ ಸಿಕ್ಕಿದೆಯಂತೆ.