ತಿರುವಿನ ಲೆಕ್ಕ

ಈಗಷ್ಟೇ ಮಂಗಳೂರಿನ ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು ಹತ್ತಿ ಬಂದೆ. ಮುಂದಿದ್ದ ಆಟೋದವರು ತಿರುವಿನಲ್ಲಿ ಒಳಬದಿ ಬಿಟ್ಟು ಅಗಲಕ್ಕೆ ಎಳೆದುಕೊಂಡು ಹತ್ತಿದರು. ಸರಿಯಾದ ಲೆಕ್ಕವೇ! ಒಳಬದಿಯಲ್ಲಿ ದೂರ ಕಡಿಮೆ, ಏರಬೇಕಾದ ಎತ್ತರ ಮಾತ್ರ ಅಷ್ಟೇ. ಹಾಗಾಗಿ ಏರು ಅಲ್ಲೇ ಜಾಸ್ತಿ.

ಜಗತ್ತಿನ ಅತಿ ಕಡಿದಾದ ರಸ್ತೆಯ ಗಿನ್ನೆಸ್ ದಾಖಲೆ ಕೈಬದಲಾದದ್ದೂ ಇದೇ ಕಾರಣಕ್ಕೆ. 2019ರಲ್ಲಿ ಅದು ವೇಲ್ಸ್‌ನ ಹಾರ್ಲೆಕ್ ಊರಿನ ಅಂಕುಡೊಂಕು ರಸ್ತೆಗೆ ಸಿಕ್ಕಿತ್ತು. ಅಳತೆ ರಸ್ತೆಯ ನಟ್ಟನಡುವೆ ಆಗಬೇಕು ಎಂದು 2020ರಲ್ಲಿ ತೀರ್ಮಾನವಾಯಿತು, ದಾಖಲೆ ನ್ಯೂಜಿಲೆಂಡಿನ ಡನೀಡನ್ ನಗರದ ಬಾಲ್ಡ್ವಿನ್ ಸ್ಟ್ರೀಟಿಗೆ ವಾಪಸ್. ಅಲ್ಲಿಯ ಏರು 34.8%! ಅಂದರೆ 100 ಮೀಟರ್ ಮುಂದೆ ಸಾಗುವಷ್ಟರಲ್ಲಿ ಸುಮಾರು 35 ಮೀಟರ್ ಮೇಲೆ. ಬಿಸಿಲಿಗೆ ಡಾಂಬರು ಜಾರಿ ಇಳಿದೀತೆಂದು ಅದರ ಮೇಲ್ಭಾಗಕ್ಕೆ ಕಾಂಕ್ರೀಟ್ ಹಾಕಿದ್ದಾರೆ.

ನಮ್ಮ ಏರುಗಳಲ್ಲಿ ಚೀಲ ಹಿಡಿದ ಅಜ್ಜಿಯಂದಿರು ನೇರ ಹತ್ತುವುದಿಲ್ಲ, ಓರೆಯಾಗಿ ಅತ್ತಿತ್ತ ಹೆಜ್ಜೆ ಹಾಕುತ್ತಾರೆ. ಅದೂ ಆಟೋದವರ ಲೆಕ್ಕವೇ. ಆದರೆ ವಾಹನಗಳ ನಡುವೆ ಹಾಗೆ ನಡೆಯುವುದು ನೋಡಿದರೆ ಭಯವಾಗುತ್ತದೆ. ಇಂಥ ಕಡೆ ಫುಟ್‌ಪಾತ್‌ಗೆ ಮೆಟ್ಟಿಲು, ಕೈಹಿಡಿಯಲು ಒಂದು ಕಂಬಿ ಬೇಕೇ ಬೇಕು.

ನಿಮ್ಮೂರಲ್ಲಿ ಏದುಸಿರು ಬರಿಸುವ ಏರು ಯಾವುದು? ಮಡಿಕೇರಿಯವರು ಮೊದಲು ಹೇಳಿ.