ಕಾಫಿಗೆ ಮುಂಚಿನ ಮಾತ್ರೆ

ಅಗ್ನಿದೇವನಿಗೂ ಒಮ್ಮೆ ಅಜೀರ್ಣವಾಗಿತ್ತೆಂಬ ಸಂಗತಿ ಮಹಾಭಾರತವನ್ನು ಬಲ್ಲವರಿಗೆ ಹೊಸದಲ್ಲ. ಶ್ವೇತಕಿಯೆಂಬ ರಾಜನು ಹನ್ನೆರಡು ವರ್ಷಗಳ ಕಾಲ ಎಡೆಬಿಡದೆ ಸುರಿಸಿದ ತುಪ್ಪವನ್ನುಂಡು ಆ ದೇವರ ಕಾಂತಿ ಕುಂದಿತು, ಹಸಿವು ಅಡಗಿತು. ಕೊನೆಗೆ ಬ್ರಹ್ಮನು ಸೂಚಿಸಿದ ಮದ್ದು ಖಾಂಡವವನ. ದೇವತೆಗಳ ವೈದ್ಯದಲ್ಲಿ ಒಂದು ಅನುಕೂಲವುಂಟು. ಕಾಡು ಸುಟ್ಟುಹೋದ ಮೇಲೆ ಔಷಧಿಯೂ ಮುಗಿಯಿತು, ಚಿಕಿತ್ಸೆಯೂ ಮುಗಿಯಿತು. ಮನುಷ್ಯರ ಔಷಧಿ ಹಾಗಲ್ಲ. ಒಂದು ಸ್ಟ್ರಿಪ್ ತೀರಿದರೆ ಬೀದಿಯ ಕೊನೆಯ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ಮೈಸೂರಿನ ಸರಸ್ವತೀಪುರದಲ್ಲಿ ವಾಸವಾಗಿರುವ ಗಣಿತದ ಮೇಷ್ಟ್ರೊಬ್ಬರ ಮನೆಗೆ ಇಂಥ ಔಷಧಿ ಮೊದಲು ಕಾಲಿಟ್ಟದ್ದು 2016ರಲ್ಲಿ. ಹೈಸ್ಕೂಲಿನಿಂದ ನಿವೃತ್ತರಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಿನ ನಡಿಗೆ, ಬಂದೊಡನೆ ಒಂದು ಲೋಟ ಗಟ್ಟಿ ಕಾಫಿ, ಹತ್ತು ಗಂಟೆಗೆ ಇನ್ನೊಂದು. ಈ ಕ್ರಮಕ್ಕೆ ಹೊಟ್ಟೆಯೊಳಗಿನ ಉರಿ ಅಡ್ಡಬಂದಿತು. ವೈದ್ಯರು ಕೊಳವೆಯಿಳಿಸಿ ನೋಡಿದಾಗ ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಿತ್ತು. ಜೊತೆಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವೂ ಇತ್ತು.

ಈ ರೋಗಾಣುವಿನ ಕಥೆಯನ್ನು ಮೇಷ್ಟ್ರು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳತಕ್ಕ ಕಥೆಯೇ ಅದು. ಹುಣ್ಣಿಗೆ ಕಾರಣ ಖಾರ, ಚಿಂತೆ ಮತ್ತು ಉಕ್ಕುವ ಆಮ್ಲ ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ಇಬ್ಬರು ವೈದ್ಯರು ಅದರ ಹಿಂದೆ ಒಂದು ಸೂಕ್ಷ್ಮಜೀವಿ ಇದೆಯೆಂದರು. ಆಮ್ಲದ ಮಡುವಿನಲ್ಲಿ ಯಾವ ಜೀವಿ ಬದುಕೀತು ಎಂದು ವಿದ್ವಾಂಸರು ನಕ್ಕರು. 1984ರಲ್ಲಿ ಮಾರ್ಷಲ್ ಮಹಾಶಯರು ಆ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ವಾಂತಿ; ಕೊಳವೆಯಿಳಿಸಿ ನೋಡಿದರೆ ಜಠರದ ಒಳಪೊರೆ ಉರಿಯೂತದಿಂದ ಕೆಂಪಾಗಿತ್ತು. ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಹಿಂದೆ ಜನ್ಮವಿಡೀ ಹಾಲು-ಕೆನೆಯ ಪಥ್ಯ ಮಾಡಿ, ಆಗದಿದ್ದರೆ ಹೊಟ್ಟೆ ಕೊಯ್ಯಿಸಿಕೊಳ್ಳುತ್ತಿದ್ದ ರೋಗ ಈಗ ಎರಡು ವಾರಗಳ ಔಷಧಿಗೆ ವಾಸಿಯಾಗುತ್ತದೆ. ಮೇಷ್ಟ್ರಿಗೂ ಹಾಗೆಯೇ ವಾಸಿಯಾಯಿತು. ಆಮ್ಲ ತಗ್ಗಿಸುವ ಮಾತ್ರೆಯನ್ನು ಇನ್ನೂ ಕೆಲವು ವಾರ ನುಂಗಿ ಅವರು ಅದಕ್ಕೆ ವಿದಾಯ ಹೇಳಿದರು.

ಅದು ಮತ್ತೆ ಬಂದದ್ದು 2019ರಲ್ಲಿ, ಹೃದಯದ ದೆಸೆಯಿಂದ. ಒಂದು ರಾತ್ರಿ ಎದೆಯ ನಡುವೆ ಬಿಗಿತ, ಎಡತೋಳಿನಲ್ಲಿ ಸೆಳೆತ, ಮೈಯೆಲ್ಲ ಬೆವರು. ಮನೆಯವರು ಒಮ್ಮತದಿಂದ ‘ಗ್ಯಾಸ್’ ಎಂದು ತೀರ್ಮಾನಿಸಿ ಸೋಡಾ ಕುಡಿಸಿದರು. ಕನ್ನಡ ಮನೆಗಳಲ್ಲಿ ಈ ‘ಗ್ಯಾಸ್’ ಎಂಬ ಶಬ್ದಕ್ಕಿರುವಷ್ಟು ಅರ್ಥವ್ಯಾಪ್ತಿ ನಿಘಂಟಿನ ಯಾವ ಶಬ್ದಕ್ಕೂ ಇರಲಾರದು. ತಲೆನೋವಿನಿಂದ ಮೊದಲ್ಗೊಂಡು ಹೃದಯಾಘಾತದವರೆಗೆ ಎಲ್ಲವೂ ಅದರ ಹೊಟ್ಟೆಯೊಳಗೇ. ಮೂರು ಗಂಟೆಗಳ ಅಮೂಲ್ಯ ಕಾಲ ಹೀಗೆ ಕಳೆಯಿತು. ಕೊನೆಗೆ ಆಸ್ಪತ್ರೆಗೆ ಸೇರಿ, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮೇಷ್ಟ್ರು ಉಳಿದರು.

ರಕ್ತ ಹೆಪ್ಪುಗಟ್ಟದಂತೆ ಅವರಿಗೆ ಒಂದು ವರ್ಷ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಆಮೇಲೆ ಆಸ್ಪಿರಿನ್ ಒಂದನ್ನೇ ವಿಧಿಸಲಾಯಿತು. ಆಸ್ಪಿರಿನ್ ಹೃದಯಕ್ಕೆ ಕಾವಲುಗಾರ, ಹೊಟ್ಟೆಗೆ ಕಳ್ಳ. ಹಿಂದೆ ಹುಣ್ಣಾಗಿದ್ದವರಲ್ಲಿ ಅದು ಮತ್ತೆ ಹುಣ್ಣು ಮಾಡಿ ರಕ್ತ ಸೋರಿಸುವ ಭಯ ಹೆಚ್ಚು. ಆದುದರಿಂದ ವೈದ್ಯರು ದಿನಕ್ಕೊಂದು ಪ್ಯಾಂಟೊಪ್ರಜೋಲ್ ಮಾತ್ರೆಯನ್ನೂ ಸೇರಿಸಿದರು. ಅದರ ದಾಯಾದಿಯಾದ ಒಮೆಪ್ರಜೋಲ್ ಕ್ಲೋಪಿಡೋಗ್ರೆಲಿನ ಕಸುವನ್ನು ಕುಗ್ಗಿಸುತ್ತದೆಂದೇ ಈ ಆಯ್ಕೆ. ಆದರೆ ಚೀಟಿಯಲ್ಲಿ ಮಾತ್ರೆಯ ಹೆಸರಿತ್ತು, ಕಾರಣವಿರಲಿಲ್ಲ. ಮೇಷ್ಟ್ರು ಅದನ್ನು ‘ಗ್ಯಾಸ್ ಮಾತ್ರೆ’ ಎಂದು ಕರೆದು ಡಬ್ಬಿಯಲ್ಲಿಟ್ಟರು.

ಆ ಡಬ್ಬಿ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಇರುತ್ತಿತ್ತು. ಹೋಳಿಗೆ ಊಟವಾದ ಒಂದು ಸಂಜೆ ಮೇಷ್ಟ್ರ ಪತ್ನಿ ಎದೆಯುರಿಗೆಂದು ಅದರಿಂದ ಒಂದು ಮಾತ್ರೆ ತೆಗೆದು ನುಂಗಿದರು. ಹಾಯೆನಿಸಿತು. ಮರುದಿನವೂ ನುಂಗಿದರು. ಹೀಗೆ ನಾಲ್ಕು ವರ್ಷ! ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿ ಅದು; ಆದರೆ ಅಂಗಡಿಯವನು ಚೀಟಿ ಕೇಳುವ ಗೋಜಿಗೆ ಹೋಗಲಿಲ್ಲ. ಆಕೆ ಅದನ್ನು ನುಂಗುತ್ತಿದ್ದುದೂ ಊಟವಾದ ಮೇಲೆ, ಉರಿ ಕಂಡಾಗ.

ಇಲ್ಲಿ ಆ ಮಾತ್ರೆಯ ಸ್ವಭಾವವನ್ನು ತುಸು ತಿಳಿಯಬೇಕು. ಅದು ಸುಣ್ಣದ ನೀರಿನಂತೆ ಹೊಟ್ಟೆಯಲ್ಲಿರುವ ಹುಳಿಯನ್ನು ಮುರಿಯುವುದಿಲ್ಲ. ಆ ಕೆಲಸ ಮಾಡುವುದು ಗುಲಾಬಿ ಬಣ್ಣದ ದ್ರವಗಳು. ಈ ಮಾತ್ರೆ ಜಠರವನ್ನು ಹಾಗೆಯೇ ದಾಟಿ ಸಣ್ಣ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ಜಠರದ ಗೋಡೆಗೆ ಹಿಂದಿರುಗಿ, ಆಮ್ಲವನ್ನು ಹೊರಹಾಕುವ ಸೂಕ್ಷ್ಮ ಪಂಪುಗಳಿಗೆ ಬೀಗ ಹಾಕುತ್ತದೆ. ಬೀಗ ಬೀಳುವುದು ಎಚ್ಚೆತ್ತ ಪಂಪಿಗೆ ಮಾತ್ರ. ಪಂಪನ್ನು ಎಚ್ಚರಿಸುವುದು ಆಹಾರ. ಅದಕ್ಕಾಗಿಯೇ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಜಠರದ ಹುಳಿಯಿಂದ ಕಾಪಾಡುವ ಲೇಪ ಅದಕ್ಕಿರುವುದರಿಂದ ಕುಟ್ಟಿ ಪುಡಿ ಮಾಡಬಾರದು, ಅಗಿಯಬಾರದು. ಪೂರ್ಣ ಫಲ ಕಾಣಲು ಕೆಲವು ದಿನ ಬೇಕು. ಉರಿ ಹತ್ತಿದ ಮೇಲೆ ಇದನ್ನು ನುಂಗುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

2023ರಲ್ಲಿ ಬೆಂಗಳೂರಿನಲ್ಲಿದ್ದ ಮಗ ಮೊಬೈಲಿಗೆ ಒಂದು ಸಂದೇಶ ಕಳುಹಿಸಿದನು. ಈ ಮಾತ್ರೆ ಮೂಳೆ ಸವೆಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ, ಬುದ್ಧಿಯನ್ನೂ ಮಂಕಾಗಿಸುತ್ತದೆ, ಕೂಡಲೇ ನಿಲ್ಲಿಸಿರಿ ಎಂಬುದು ಅದರ ಸಾರ. ಇಂಥ ಮಾತುಗಳಿಗೆ ಬುಡವೇ ಇಲ್ಲವೆನ್ನುವಂತಿಲ್ಲ. ಬಹುಕಾಲ ನುಂಗಿದವರಲ್ಲಿ ಮೂಳೆ ಮುರಿತ ತುಸು ಹೆಚ್ಚು ಕಂಡದ್ದುಂಟು, ಮೆಗ್ನೀಸಿಯಂ ಇಳಿದದ್ದುಂಟು. ಆದರೆ ಅವುಗಳಲ್ಲಿ ಹಲವು, ಮೊದಲೇ ರೋಗಿಗಳಾಗಿದ್ದವರನ್ನು ದೂರದಿಂದ ಎಣಿಸಿ ಬಂದ ಲೆಕ್ಕಗಳು. 17,000ಕ್ಕೂ ಹೆಚ್ಚು ಹೃದಯ ಮತ್ತು ರಕ್ತನಾಳದ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಪ್ಯಾಂಟೊಪ್ರಜೋಲ್, ಉಳಿದವರಿಗೆ ಅದರಂತೆಯೇ ಕಾಣುವ ಪೊಳ್ಳು ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಹೋಲಿಸಿದ ಪರೀಕ್ಷೆಯ ಫಲ 2019ರಲ್ಲಿ ಪ್ರಕಟವಾಯಿತು. ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಮಾತ್ರ. ಅದೂ ನೂರರಲ್ಲಿ ಒಬ್ಬರಿಗೆ ಆಗುತ್ತಿದ್ದುದು ಒಂದೂವರೆಯ ಹತ್ತಿರ ಬಂದಿತು.

ಮೇಷ್ಟ್ರು ಅಂದೇ ಮಾತ್ರೆ ಬಿಟ್ಟರು. “ನೀನೂ ಬಿಡೇ” ಎಂದು ಹೆಂಡತಿಗೆ ಹೇಳಿದರು. “ನನಗೆ ಒಗ್ಗಿದೆ ರೀ, ಬಿಟ್ಟರೆ ಉರಿ ತಡೆಯೋಕಾಗಲ್ಲ” ಎಂದು ಆಕೆ ಮುಂದುವರಿಸಿದರು.

ನಾಲ್ಕನೆಯ ದಿನದಿಂದ ಮೇಷ್ಟ್ರಿಗೆ ಉರಿ ಹಿಂದೆಂದಿಗಿಂತ ಜೋರಾಗಿ ಹತ್ತಿತು. ಬೀಗ ತೆಗೆದ ಪಂಪುಗಳು ಕೆಲವು ವಾರ ಎರಡರಷ್ಟು ಹುರುಪಿನಿಂದ ದುಡಿಯುವುದುಂಟು. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗವೊಂದರಲ್ಲಿ ಹೊಟ್ಟೆಯ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದಾಗ, ನೂರಕ್ಕೆ 44 ಮಂದಿಗೆ ಎದೆಯುರಿ, ಹುಳಿತೇಗು ಮುಂತಾದುವು ಹೊಸದಾಗಿ ಕಾಣಿಸಿಕೊಂಡವು. ಪೊಳ್ಳು ಮಾತ್ರೆ ನುಂಗಿದವರಲ್ಲಿ ಕೇವಲ 15 ಮಂದಿಗೆ. ಇಲ್ಲದ ರೋಗವನ್ನು ಔಷಧಿಯೇ ತಂದಿತ್ತೆನ್ನಬೇಕು. ಇದನ್ನರಿಯದ ಮೇಷ್ಟ್ರು ತಣ್ಣನೆಯ ಹಾಲು ಕುಡಿದರು. ಅದು ಗಳಿಗೆ ಹೊತ್ತು ತಂಪೆರೆದು ಮತ್ತಷ್ಟು ಆಮ್ಲವನ್ನು ಕರೆಯಿತು. ಆಸ್ಪಿರಿನ್ ಎಂದಿನಂತೆ ನಡೆದಿತ್ತು. ಸಾಲದೆಂಬಂತೆ ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್ ತಂದರು.

ಮೂರನೆಯ ವಾರ ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಯಿತು. ಸಂಕೋಚದ ಮನುಷ್ಯ, ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ಬೆಳಿಗ್ಗೆ ಬಚ್ಚಲಿನಿಂದ ಬರುತ್ತಿರುವಾಗ ಕಣ್ಣು ಕತ್ತಲೆಗಟ್ಟಿ ಹೊಸ್ತಿಲ ಬಳಿ ಕುಸಿದರು. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಬೇಕಾಯಿತು. ಕೊಳವೆಯ ಮೂಲಕವೇ ಸೋರುವ ಹುಣ್ಣಿನ ಬಾಯಿಯನ್ನು ಮುಚ್ಚಿದರು.

ನಾಲ್ಕನೆಯ ದಿನ ಅಲ್ಲಿನ ತರುಣ ವೈದ್ಯೆ ಡಬ್ಬಿಯನ್ನು ಮನೆಯಿಂದ ತರಿಸಿ ಮಂಚದ ಮೇಲೆ ಸುರಿದರು.

“ಮೇಷ್ಟ್ರೇ, ಈ ಮಾತ್ರೆ ಯಾಕೆ ಬಿಟ್ಟಿರಿ?”

“ಗ್ಯಾಸ್ ಇರಲಿಲ್ಲವಲ್ಲಮ್ಮ.”

“ಇದು ಗ್ಯಾಸಿಗಲ್ಲ. ನೀವು ಆಸ್ಪಿರಿನ್ ತಗೊಳ್ಳೋವರೆಗೂ ಇದು ಬೇಕು. ನೋವಿನ ಮಾತ್ರೆ ಮಾತ್ರ ಇನ್ನು ಮುಟ್ಟಕೂಡದು.”

ಬಳಿಕ ಆಕೆಯ ದೃಷ್ಟಿ ಮಂಚದ ತುದಿಯಲ್ಲಿ ಕುಳಿತು ಪಾದ ತಿಕ್ಕಿಕೊಳ್ಳುತ್ತಿದ್ದ ಮೇಷ್ಟ್ರ ಪತ್ನಿಯತ್ತ ಹೊರಳಿತು. ಕೆಲವು ತಿಂಗಳಿಂದ ಕಾಲು ಜೋಮು, ಮೈಗೆ ಆಯಾಸ. ವಯಸ್ಸೆಂದು ಎಲ್ಲರೂ ಸುಮ್ಮನಿದ್ದರು. ರಕ್ತ ಪರೀಕ್ಷೆಯಲ್ಲಿ ಬಿ 12 ಜೀವಸತ್ವ ತೀರ ಕೆಳಗಿತ್ತು. ಆಹಾರದಲ್ಲಿ ಅಂಟಿಕೊಂಡಿರುವ ಆ ಜೀವಸತ್ವವನ್ನು ಬಿಡಿಸಲು ಜಠರದ ಆಮ್ಲ ಬೇಕು. ಸಸ್ಯಾಹಾರಿಗಳಿಗೆ ದೊರೆಯುವುದೇ ಸ್ವಲ್ಪ, ಆ ಸ್ವಲ್ಪವೂ ದಕ್ಕದಂತಾಗಿತ್ತು. ಆಕೆಯ ಥೈರಾಯಿಡ್ ಮಾತ್ರೆಯೂ ಆಮ್ಲ ಕಡಿಮೆಯಾದದ್ದರಿಂದ ಸರಿಯಾಗಿ ಹೀರಲ್ಪಡುತ್ತಿರಲಿಲ್ಲ.

“ಅಮ್ಮ, ನಿಮಗಿದನ್ನ ಯಾರು ಬರೆದುಕೊಟ್ಟರು?”

ಆಕೆ ಗಂಡನ ಮುಖ ನೋಡಿದರು. ಗಂಡ ಕಿಟಕಿಯ ಹೊರಗೆ ನೋಡಿದರು.

ಒಂದೇ ಡಬ್ಬಿ, ಒಂದೇ ಮಾತ್ರೆ: ನುಂಗಬೇಕಾದವರು ಬಿಟ್ಟಿದ್ದರು, ಬಿಡಬೇಕಾದವರು ನುಂಗುತ್ತಿದ್ದರು. ಮಗನ ಸಂದೇಶ ಸುಳ್ಳಾಗಿರಲಿಲ್ಲ. ತಪ್ಪು ವಿಳಾಸಕ್ಕೆ ತಲುಪಿತ್ತು, ಅಷ್ಟೆ. ಆಕೆಗೂ ವೈದ್ಯೆ ಒಮ್ಮೆಲೇ ನಿಲ್ಲಿಸಲು ಹೇಳಲಿಲ್ಲ. ಕೆಲವು ವಾರ ದಿನ ಬಿಟ್ಟು ದಿನ, ನಡುವೆ ಉರಿ ಬಂದರೆ ಗುಲಾಬಿ ದ್ರವ; ಅದೂ ಥೈರಾಯಿಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರದಲ್ಲಿ. ರಾತ್ರಿಯ ಊಟ ಮಲಗುವುದಕ್ಕೆ ಮೂರು ಗಂಟೆ ಮುಂಚೆ. ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ. ಬಿ 12ರ ಚುಚ್ಚುಮದ್ದು ಬೇರೆ. ನುಂಗಲು ತೊಡಕಾದರೆ, ತೂಕ ಕಾರಣವಿಲ್ಲದೆ ಇಳಿದರೆ, ವಾಂತಿಯಲ್ಲಿ ರಕ್ತ ಕಂಡರೆ ಯಾವ ಮಾತ್ರೆಯಿಂದಲೂ ಅದನ್ನು ಮುಚ್ಚಿಡದೆ ಆಸ್ಪತ್ರೆಗೆ ಬರಬೇಕೆಂದು ಎರಡು ಬಾರಿ ಹೇಳಿದರು.

ಮನೆಗೆ ಬಂದ ಮೇಷ್ಟ್ರು ಚೌಕಳಿ ಹಾಳೆಯ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದು ನಾಲ್ಕು ಅಂಕಣ ಮಾಡಿದರು: ಮಾತ್ರೆ, ಯಾರಿಗೆ, ಏತಕ್ಕೆ, ಎಂದಿನವರೆಗೆ. ಅದೀಗ ಡಬ್ಬಿಯ ಮುಚ್ಚಳದ ಒಳಗೆ ಅಂಟಿಕೊಂಡಿದೆ. ಹೆಂಡತಿಯ ಸಾಲನ್ನು ಎರಡು ತಿಂಗಳ ಮೇಲೆ ಕೆಂಪು ಶಾಯಿಯಿಂದ ಹೊಡೆದುಹಾಕಿದರು. ಪಕ್ಕದಲ್ಲಿ ಸರಿ ಗುರುತು ಹಾಕುವುದನ್ನೂ ಮರೆಯಲಿಲ್ಲ.

ಅವರಿಗೆ ಒಗ್ಗದಿರುವುದು ಒಂದೇ ಸಂಗತಿ. ಆರು ಗಂಟೆಗೆ ಮಾತ್ರೆ. ಕಾಫಿ ಆರೂ ಮುಕ್ಕಾಲಕ್ಕೆ. ಆರೂವರೆಗೆಲ್ಲ ಅವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

“ಡಿಕಾಕ್ಷನ್ ಇಳಿಯಿತೇನೇ?”

“ಇಳಿದಿದೆ ರೀ. ಗಡಿಯಾರದ ಮುಳ್ಳು ಇನ್ನೂ ಇಳಿದಿಲ್ಲ.”